ಬೀಗರು ಬಾಗಿಲ ಬಳಿ ಕೂತ ದಿನ

ಜುಮಾದಿಲ್ ತನ್ನ ಜೀವಮಾನದಲ್ಲಿ ಹೇಳಿಕೊಳ್ಳುವಂಥ ಸುಳ್ಳು ಹೇಳಿದ್ದು ಒಂದೇ ಸಲ, ಅದೂ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು. ಬಲಗೈಗೆ ಸುತ್ತಿದ್ದ ಟವೆಲು ನೆನೆದು ರಕ್ತ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಹೇಗಾಯಿತೆಂದು ಡಾಕ್ಟರು ಕೇಳಿದರು. "ಮನೇಲಿ ಮೇವು ಕತ್ತರಿಸೋ ಮೆಷಿನ್ನಿಗೆ ಸಿಕ್ಕಿಹಾಕ್ಕೊಳ್ತು" ಎಂದ. ಅವನ ಮನೆಯಲ್ಲಿ ಅಂಥ ಮೆಷಿನ್ನೇ ಇರಲಿಲ್ಲ. ಇದ್ದ ಒಂದು ಹಸುವಿಗೂ ನಾಲ್ಕಾರು ಕುರಿಗಳಿಗೂ ಅವನ ಹೆಂಡತಿ ಬುರುಲ್ ಕುಡುಗೋಲಿನಲ್ಲೇ ಹುಲ್ಲು ಕೊಚ್ಚಿ ಹಾಕುತ್ತಿದ್ದಳು. ಆದರೆ ಡಾಕ್ಟರೇನು ಮನೆಗೆ ಬಂದು ಕೊಟ್ಟಿಗೆ ನೋಡುತ್ತಾರೆಯೇ? ಹೇಳಿದ್ದನ್ನು ಬರೆದುಕೊಂಡು ಹೊಲಿಗೆ ಹಾಕಲು ಹೋದರು.

ಕೈ ಸಿಕ್ಕಿದ್ದು ಊರಾಚೆಯ ಇಟ್ಟಿಗೆ ಕಾರ್ಖಾನೆಯಲ್ಲಿ, ಮಣ್ಣು ಕಲೆಸುವ ಯಂತ್ರದ ಬೆಲ್ಟಿಗೆ. ಬೆಲ್ಟಿಗೆ ಅಡ್ಡವಾಗಿ ಒಂದು ಕಬ್ಬಿಣದ ಜಾಲರಿ ಇರಬೇಕಿತ್ತು. ಜಾಲರಿ ಇದ್ದರೆ ಅದಕ್ಕೆ ಜೇಡಿಮಣ್ಣು ಮೆತ್ತಿಕೊಂಡು ಯಂತ್ರ ಪದೇ ಪದೇ ನಿಲ್ಲುತ್ತದೆ, ಇಟ್ಟಿಗೆ ಕಡಿಮೆಯಾಗುತ್ತದೆ, ಮಾಲೀಕ ಬಂದು ಕೂಗಾಡುತ್ತಾನೆ. ಹಾಗಾಗಿ ಮೇಸ್ತ್ರಿ ಶಾರ್ಶೆನ್ ಅದನ್ನು ಬಿಚ್ಚಿಸಿ ಗೋಡೆಗೆ ಒರಗಿಸಿಟ್ಟಿದ್ದ. ಬೇರೆ ಯಾರೇ ಮೇಸ್ತ್ರಿಯಾಗಿದ್ದರೂ ಜುಮಾದಿಲ್ ಎರಡು ಮಾತು ಆಡದೆ ಬಿಡುತ್ತಿರಲಿಲ್ಲ. ಆದರೆ ಶಾರ್ಶೆನ್ ಅವನ ಬೀಗ. ಜುಮಾದಿಲನ ಒಬ್ಬಳೇ ಮಗಳು ಚೋಲ್ಪನ್ ಶಾರ್ಶೆನ್ ಮನೆಯ ಸೊಸೆ. ಬೀಗರಿಗೆ ಎದುರು ಮಾತಾಡುವುದುಂಟೇ?

ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದವನೂ ಶಾರ್ಶೆನ್ನೇ. ದಾರಿಯುದ್ದಕ್ಕೂ ಅವನದು ಒಂದೇ ಮಾತು.

"ಬೀಗರೇ, ನಿಮ್ಮ ಕಾಲಿಗೆ ಬೀಳ್ತೀನಿ. ಜಾಲರಿ ವಿಷಯ ಹೊರಗೆ ಬಂದ್ರೆ ನನ್ನ ಜೈಲಿಗೆ ಹಾಕ್ತಾರೆ. ಮನೇಲಿ ಆಯ್ತು ಅಂತ ಹೇಳಿಬಿಡಿ. ಉಳಿದದ್ದೆಲ್ಲಾ ಕಾರ್ಖಾನೆಯವರು ನೋಡ್ಕೋತಾರೆ. ನಾನಿದೀನಲ್ಲ."

ನೋವಿನಲ್ಲಿ ಕಣ್ಣು ಕತ್ತಲಿಟ್ಟರೂ ಜುಮಾದಿಲನಿಗೆ ಮೊದಲು ಹೊಳೆದದ್ದು ಮಗಳ ಮುಖ. ಮಾವ ಜೈಲಿಗೆ ಹೋದ ಮನೆಯಲ್ಲಿ, ಅವನನ್ನು ಜೈಲಿಗೆ ಕಳಿಸಿದವನ ಮಗಳು ಹೇಗೆ ಬಾಳಿಯಾಳು? "ಆಯ್ತು ಬಿಡಿ, ಹಾಗೇ ಹೇಳ್ತೀನಿ" ಎಂದ. ಇಂಥ ಸುಳ್ಳು ನಮ್ಮವರೇ ಹೇಳಬೇಕು. ಬೇರೆ ಕಡೆ ಕೈ ಹೋದವನು ಕೈಗಾಗಿ ಅಳುತ್ತಾನೆ, ನಮ್ಮಲ್ಲಿ ಬೀಗರ ಮರ್ಯಾದೆಗಾಗಿ ಅಳುತ್ತಾನೆ.

ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು, ಆದರೆ ಮಣಿಕಟ್ಟು ಮಡಿಸಲಾಗದಂತೆ ಸೆಟೆದು ನಿಂತಿತು. ಊರಿನಲ್ಲಿ ಮದುವೆಯಿರಲಿ, ತಿಥಿಯಿರಲಿ, ಕುರಿ ಬೆಂದು ಹೊರಬಂದಾಗ ಕತ್ತಿ ಹಿಡಿದು ಕೂರುವವನು ಜುಮಾದಿಲನೇ ಆಗಿದ್ದ. ಯಾರಿಗೆ ಯಾವ ಮೂಳೆ ಹೋಗಬೇಕು, ಹಿರಿಯರಿಗೆ ಯಾವುದು, ಅಳಿಯನಿಗೆ ಯಾವುದು, ತವರಿಗೆ ಬಂದ ಹೆಣ್ಣುಮಗಳಿಗೆ ಯಾವುದು, ಎಲ್ಲ ಅವನ ಕೈಯಲ್ಲೇ ಇತ್ತು. ಅವನು ಹಂಚಿದರೆ ಯಾರೂ ಮುಖ ಸಿಂಡರಿಸಿಕೊಂಡು ಎದ್ದು ಹೋಗಿದ್ದಿಲ್ಲ. ಆ ಕತ್ತಿ ಈಗ ಕಪಾಟು ಸೇರಿತು. ಬೆರಳು ಹೋದದ್ದಕ್ಕಿಂತ ಇದಕ್ಕೇ ಅವನು ಹೆಚ್ಚು ಕೊರಗಿದ.

ಆಸ್ಪತ್ರೆಯಿಂದ ಬಂದ ಸ್ವಲ್ಪ ದಿನಕ್ಕೆ ಕಾರ್ಖಾನೆಯ ಮಾಲೀಕ, ಶಾರ್ಶೆನ್, ಊರಿನ ಹಿರಿಯ ಸಗಿನಾಲಿ ಅಜ್ಜ ಮೂವರೂ ಮನೆಗೆ ಬಂದರು. ಹಿಂದೆ ಒಂದು ಕುರಿ ಬಂತು, ಬಟ್ಟೆಯ ಗಂಟಿನಲ್ಲಿ ಕಂದು ಮಖಮಲ್ಲಿನ ನಿಲುವಂಗಿ ಬಂತು. ಕೈಯಿಂದಲೋ ಬಾಯಿಂದಲೋ ಯಾರಿಗಾದರೂ ಅನ್ಯಾಯವಾದರೆ ಹೀಗೆ ಹೋಗಿ ಅವರ ಹೆಗಲಿಗೆ ನಿಲುವಂಗಿ ಹೊದಿಸಿ, ಹಿರಿಯರ ಎದುರು ಕ್ಷಮೆ ಕೇಳುವುದು ನಮ್ಮಲ್ಲಿ ನಡೆದುಬಂದಿದೆ. ಹೊದ್ದುಕೊಂಡವನು ಆಮೇಲೆ ಆ ಮಾತು ಎತ್ತಬಾರದು. ಶಾರ್ಶೆನ್ ನಿಲುವಂಗಿ ಹೊದಿಸಿದ. ಅಜ್ಜ ಎರಡೂ ಅಂಗೈ ಎತ್ತಿ ಹರಸಿ ಮುಖ ಸವರಿಕೊಂಡ. ಮಾಲೀಕ, "ಚಿಕಿತ್ಸೆ ನಮ್ದು. ಗಾಯ ಮಾಗಿದ ಮೇಲೆ ಗೇಟು ಕಾಯೋ ಕೆಲಸ ನಿಮ್ದು" ಎಂದು ಎಲ್ಲರೆದುರು ಮಾತು ಕೊಟ್ಟ.

ಗಾಯ ಮಾಗಿತು. ಗೇಟು ಕಾಯಲು ಮಾಲೀಕನ ಹೆಂಡತಿಯ ತಮ್ಮ ಬಂದು ಕೂತ. ಕೇಳಲು ಹೋದರೆ ಮಾಲೀಕ ಸಿಗಲಿಲ್ಲ, ಆಫೀಸಿನ ಹುಡುಗಿ ಸಿಕ್ಕಿದಳು. ಅಂಗವಿಕಲರ ಪಿಂಚಣಿಗೆಂದು ಓಡಾಡಿದರೆ, ಕೆಲಸದಲ್ಲಿ ಪೆಟ್ಟಾಗಿದ್ದರೆ ಕಾರ್ಖಾನೆಯಿಂದ ಪರಿಹಾರ ಬರಬೇಕು, ಆದರೆ ನಿಮ್ಮದು ಮನೆಯಲ್ಲಿ ಆದದ್ದಲ್ಲವೇ ಎಂದರು ಕಚೇರಿಯವರು. ಕಾರ್ಖಾನೆಗೆ ಅರ್ಜಿ ಕೊಟ್ಟ. ಉತ್ತರ ಬಂತು: ನಿಮ್ಮ ಕೈ ನಿಮ್ಮ ಮನೆಯಲ್ಲಿ, ನಿಮ್ಮ ಮೇವಿನ ಯಂತ್ರಕ್ಕೆ ಸಿಕ್ಕಿದೆ, ನಮಗೂ ಅದಕ್ಕೂ ಸಂಬಂಧವಿಲ್ಲ. ಶಾರ್ಶೆನ್ ಮಾತ್ರ ಕಣ್ಣಿಗೇ ಬೀಳುತ್ತಿರಲಿಲ್ಲ. ಅಂಗಡಿಯ ಹತ್ತಿರ ಜುಮಾದಿಲ್ ಕಂಡರೆ ಹಿಂದಿನ ಗಲ್ಲಿಯಿಂದ ಮನೆಗೆ ಹೋಗುತ್ತಿದ್ದ.

ನಿಲುವಂಗಿ ಗೋಡೆಯ ಮೊಳೆಗೆ ನೇತುಬಿದ್ದಿತ್ತು. ಬುರುಲ್ ದಿನಾ ಅದನ್ನು ನೋಡುತ್ತಿದ್ದಳು, ದಿನಾ ಒಂದು ಮಾತು ಆಡುತ್ತಿದ್ದಳು.

"ಏನ್ರೀ, ಇವತ್ತು ಮಧ್ಯಾಹ್ನಕ್ಕೆ ಏನು ಮಾಡ್ಲಿ? ಈ ನಿಲುವಂಗಿ ತೋಳು ಕತ್ತರಿಸಿ ಬೇಯಿಸ್ಲಾ?"

"ಸುಮ್ನಿರೇ."

"ಸುಮ್ನೇ ಇದೀನಲ್ಲ, ಹೋದ ವರ್ಷದಿಂದ. ಮಖಮಲ್ಲು ಚೆನ್ನಾಗಿದೆ. ಸ್ವಲ್ಪ ಈರುಳ್ಳಿ ಹಾಕಿದ್ರೆ ಬೇಯತ್ತೆ."

"ಹಿರಿಯರ ಎದುರು ಹೊದ್ದಿದೀನಿ ಬುರುಲ್. ಮುಗಿದುಹೋದ ಮಾತು."

"ನಿಮ್ಮ ಮಾತು ಮುಗೀತು. ಅವರು ಕೊಟ್ಟ ಮಾತು ಎಲ್ಲಿ ಶುರುವಾಯ್ತು? ಗೇಟಿನ ಹತ್ರ ಯಾರು ಕೂತಿದಾನೆ, ಹೋಗಿ ನೋಡ್ಕೊಂಡು ಬನ್ನಿ."

ಅವಳ ಬಾಯಿಗೆ ಹೆದರದ ಗಂಡಸು ಆ ಬೀದಿಯಲ್ಲಿ ಇರಲಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಮನೆಗೆ ಬರುವ ದುಡಿಮೆಯೆಂದರೆ ಈಗ ಅವಳು ಉಣ್ಣೆ ತಟ್ಟಿ ಮಾಡುವ ಕಂಬಳಿ ಮಾತ್ರ. ಒಂದು ಬೆಳಿಗ್ಗೆ ಗಂಡನಿಗೆ ಬಿಳಿ ಉಣ್ಣೆ ಟೋಪಿ ತೊಡಿಸಿ, ಎಡಗೈ ಹಿಡಿದುಕೊಂಡು ಜಿಲ್ಲಾ ಕೇಂದ್ರದ ವ್ಯಾನು ಹತ್ತಿಸಿದಳು. ಬಡವರಿಗೆ ಸರ್ಕಾರ ಪುಕ್ಕಟೆ ವಕೀಲರನ್ನು ಕೊಡುತ್ತದೆಂದು ಅವಳಿಗೆ ಯಾರೋ ಹೇಳಿದ್ದರು.

ವಕೀಲೆಯ ಹೆಸರು ಸೋನುನ್. ಔಷಧಿ ಅಂಗಡಿಯ ಮೇಲಿನ ಕೋಣೆ, ಕಿಟಕಿ ಕಟ್ಟೆಯ ಮೇಲೆ ಕೆಟಲ್ಲು, ಕುರ್ಚಿಗಳಿಗಿಂತ ಜನವೇ ಹೆಚ್ಚು. ನಲವತ್ತು ದಾಟಿದ ಹೆಂಗಸು, ನೆಗಡಿ ಹಿಡಿದು ಮೂಗು ಕೆಂಪಾಗಿತ್ತು. ಜುಮಾದಿಲ್ ನಡೆದದ್ದನ್ನು ಹೇಳಿದ. ಬೆಲ್ಟು, ಜಾಲರಿ, ಕಾರು, ಆಸ್ಪತ್ರೆ. ನಿಲುವಂಗಿಯ ವಿಷಯ ಮಾತ್ರ ಹೇಳಲಿಲ್ಲ.

"ಅಣ್ಣ, ನಿಮ್ಮ ಬಾಯಿಂದಲೇ ಮನೇಲಾಯ್ತು ಅಂತ ಹೇಳಿಬಿಟ್ಟಿದೀರಿ" ಎಂದಳು ಸೋನುನ್, ಮೂಗೊರೆಸಿಕೊಂಡು. "ಕೆಲಸದಲ್ಲಿ ಆದದ್ದು ಅಂತ ಕೋರ್ಟು ಒಪ್ಪಬೇಕಾದ್ರೆ ಸಾಕ್ಷಿ ಬೇಕು. ಜೊತೆಗೆ ಕೆಲಸ ಮಾಡ್ತಿದ್ದೋರು ಯಾರಾದ್ರೂ ಬರ್ತಾರಾ?"

"ಅವರಿಗೂ ಹೊಟ್ಟೆ ಇದೆಯಲ್ಲಮ್ಮ. ಕೆಲಸ ಕಳ್ಕೊಳ್ಳೋಕೆ ಯಾರು ಬರ್ತಾರೆ?"

"ಮೇಸ್ತ್ರಿ?"

"ಅವರು ನಮ್ಮ ಬೀಗರು."

ಸೋನುನ್ ಪೆನ್ನು ಕೆಳಗಿಟ್ಟಳು. ಬುರುಲ್‌ಗೆ ತಡೆಯಲಾಗಲಿಲ್ಲ.

"ಅದೊಂದು ನುಂಗಿಕೊಂಡ್ರಲ್ಲ, ನಿಲುವಂಗಿ ವಿಷಯ ಹೇಳ್ರೀ! ಕುರಿ ತಿಂದಿದ್ದು, ಅಜ್ಜ ಹರಸಿದ್ದು, ಎಲ್ಲಾ ಹೇಳಿ. ಈ ಮನುಷ್ಯ ಒಂದು ಬಟ್ಟೆ ಹೊದ್ದುಕೊಂಡು ನ್ಯಾಯ ಎಲ್ಲಾ ಕೊಟ್ಟುಬಿಟ್ಟ, ತಾಯಿ."

ಜುಮಾದಿಲ್ ತಲೆ ತಗ್ಗಿಸಿ ಹೇಳಿದ. ಹೇಳುತ್ತಿದ್ದಂತೆ ಸೋನುನ್ ಕುರ್ಚಿಯ ತುದಿಗೆ ಬಂದಳು.

"ನಿಲ್ಲಿ ನಿಲ್ಲಿ. ಮಾಲೀಕರೇ ಬಂದಿದ್ರಾ? ನಿಮ್ಮನೇಗೇ? ಕುರಿ ತಂದು?"

"ಹೂಂ."

"ಅಣ್ಣ, ನಿಮ್ಮ ಮನೆ ಮೆಷಿನ್ನು ನಿಮ್ಮ ಬೆರಳು ತಿಂದಿದ್ರೆ ಕಾರ್ಖಾನೆಯವರು ಯಾಕೆ ನಿಲುವಂಗಿ ತರ್ತಾರೆ? ನಾಳೆ ನಾನು ನಮ್ಮನೆ ಮೆಟ್ಟಿಲಲ್ಲಿ ಬಿದ್ದು ಕಾಲು ಮುರ್ಕೊಂಡ್ರೆ ನೀವು ನನಗೆ ನಿಲುವಂಗಿ ತರ್ತೀರಾ?"

ಜುಮಾದಿಲ್‌ಗೆ ಇದು ಹೊಳೆದೇ ಇರಲಿಲ್ಲ. ತನ್ನ ಬಾಯಿ ಕಟ್ಟಿದ ನಿಲುವಂಗಿಯೇ ತನ್ನ ಪರವಾಗಿ ಮಾತಾಡುತ್ತದೆಂದು ಅವನು ಹೇಗೆ ತಿಳಿಯಬೇಕು? ಆದರೂ ಅವನು ಹಿಗ್ಗಲಿಲ್ಲ.

"ಬೇಡಮ್ಮ. ಕೋರ್ಟಿಗೆ ಹೋದ್ರೆ ಬೀಗರ ಹೆಸರು ಬರತ್ತೆ. ನನ್ನ ಮಗಳು ಆ ಮನೇಲಿ ದಿನಾ ಟೀ ಹಾಕ್ಬೇಕು."

"ಯೋಚನೆ ಮಾಡಿ ಹೇಳಿ" ಎಂದಳು ಸೋನುನ್. "ಅವಸರ ಮಾಡಲ್ಲ. ಆದ್ರೆ ಆ ಕೈ ನಿಮ್ಮದು, ನಿಮ್ಮ ಬೀಗರದ್ದಲ್ಲ. ಅದನ್ನೂ ಸ್ವಲ್ಪ ಕೇಳಿ ನೋಡಿ."

ಮರುದಿನ ಚೋಲ್ಪನ್ ತವರಿಗೆ ಬಂದಳು. ಬುರುಲ್ ಹೇಳಿ ಕಳಿಸಿರಬೇಕು. ಮಗಳು ಅಪ್ಪನಿಗೆ ಟೀ ಹಾಕಿಕೊಟ್ಟು, ಬೋರ್ಸೋಕ್ ಎಂಬ ಹಿಟ್ಟಿನ ತುಂಡುಗಳನ್ನು ಕರಿದ ಬಾಣಲೆ ತೊಳೆಯುತ್ತ, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ಅಪ್ಪಾ, ನನಗೋಸ್ಕರ ಅಂತ ಸುಮ್ನಿರಬೇಡ. ಮಾವನ ಮುಂದೆ ನಿನ್ನ ಹೆಸರೆತ್ತಿದ್ರೆ ಊಟ ಬಿಟ್ಟು ಎದ್ದು ಹೋಗ್ತಾರೆ. ಅತ್ತೆ ನನ್ನ ಮುಖ ನೋಡಲ್ಲ. ಯಾರೂ ಏನೂ ಅನ್ನಲ್ಲ. ಬೈದ್ರೂ ತಡ್ಕೋತಿದ್ದೆ, ಈ ಮೌನ ತಡ್ಕೊಳ್ಳೋಕೆ ಆಗಲ್ಲ."

"ಕೋರ್ಟಿಗೆ ಹೋದ್ರೆ ಬೈತಾರೆ ಮಗಳೇ."

"ಬೈಲಿ. ಬೈಗುಳಕ್ಕೆ ಕೊನೆ ಅಂತ ಒಂದಿರತ್ತೆ."

ಜುಮಾದಿಲ್ ನಿಲುವಂಗಿಯನ್ನು ಮೊಳೆಯಿಂದ ತೆಗೆದು ಕಂಕುಳಲ್ಲಿಟ್ಟುಕೊಂಡು ಸಗಿನಾಲಿ ಅಜ್ಜನ ಮನೆಗೆ ಹೊರಟ. ಅದನ್ನು ವಾಪಸು ಕೊಡದೆ ನ್ಯಾಯ ಕೇಳುವ ಹಕ್ಕು ತನಗಿಲ್ಲ, ಕೊಡಬೇಕಾದರೆ ಹರಸಿದವನ ಕೈಗೇ ಕೊಡಬೇಕು ಎಂದುಕೊಂಡಿದ್ದ. ಅಜ್ಜ ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತ ಕೂತಿದ್ದ. ಎಂಬತ್ತರ ಮುದುಕ, ಕಿವಿ ಮಂದ, ಸಿಟ್ಟು ಮಾತ್ರ ಚುರುಕು.

"ಅಜ್ಜಾ, ನಾನು ಮಾತು ಮುರೀತಿದೀನಿ. ಇದನ್ನ ತಗೊಳ್ಳಿ. ಕೋರ್ಟಿಗೆ ಹೋಗ್ತೀನಿ."

"ಯಾಕೋ? ಅವರೇ ನೋಡ್ಕೋತಾರೆ ಅಂದಿದ್ರಲ್ಲ?"

"ನನ್ನ ಕೈ ಮನೇಲಿ ಹೋಯ್ತು ಅಂತಾರೆ ಈಗ."

ಅಜ್ಜನಿಗೆ ಇದನ್ನು ಎರಡು ಸಲ ಜೋರಾಗಿ ಹೇಳಬೇಕಾಯಿತು. ಎರಡನೆಯ ಸಲ ಕೇಳಿಸಿತು. ಗಡ್ಡ ಅದುರಿತು.

"ಮನೇಲಾ? ಹಾಗಾದ್ರೆ ನಾನು ಅವತ್ತು ಯಾಕೆ ಕೈ ಎತ್ತಿದೆ? ಯಾರ ತಪ್ಪಿಗೆ ಹರಸಿದೆ? ಲೋ, ನನ್ನ ಬಾಯಿಂದ ದೇವರ ಹೆಸರು ಹೇಳಿಸಿ ನಿನ್ನ ಬೆಪ್ಪುತಕ್ಕಡಿ ಮಾಡಿದ್ರಾ? ನನ್ನನ್ನೂ ಮಾಡಿದ್ರಾ?"

"ಅದಕ್ಕೇ ವಾಪಸು..."

"ವಾಪಸ್ಸಂತೆ ವಾಪಸ್ಸು! ಕೊಟ್ಟುಬಿಟ್ರೆ ನಿನ್ನ ಹತ್ರ ಏನಿದೆ, ಆ ಎರಡು ಬೆರಳು? ಹಾಕ್ಕೋ ಅದನ್ನ. ಹಾಕ್ಕೊಂಡೇ ಕೋರ್ಟಿಗೆ ಬಾ. ನಾನೂ ಬರ್ತೀನಿ. ಆ ವಕೀಲಮ್ಮನಿಗೆ ಹೇಳು, ಮುದುಕನಿಗೆ ಕೂರೋಕೆ ಒಂದು ಕುರ್ಚಿ ಇಟ್ಟಿರಲಿ."

ಆ ಸಂಜೆ ಜುಮಾದಿಲ್ ಮೊದಲ ಬಾರಿಗೆ ನಿಲುವಂಗಿಯನ್ನು ಬರಿಯ ಬಟ್ಟೆಯಂತೆ ತೊಟ್ಟುಕೊಂಡು ಮನೆಗೆ ಬಂದ. ಬುರುಲ್ ಮೇಲಿಂದ ಕೆಳಗೆ ನೋಡಿದಳು. "ಅಂತೂ ಬೇಯಿಸೋದು ಬೇಡ ಅಂತಾಯ್ತು" ಎಂದಳಷ್ಟೇ.

ಕೋರ್ಟಿನ ಕೆಲಸ ಕೋರ್ಟಿನ ಹಾಗೆಯೇ ನಡೆಯಿತು. ಒಂದು ಸಲ ನ್ಯಾಯಾಧೀಶೆಗೆ ರಜೆ, ಒಂದು ಸಲ ಕಾರ್ಖಾನೆಯ ವಕೀಲನಿಗೆ ಜ್ವರ. ಸೇಬು ಹೂ ಬಿಟ್ಟಾಗ ಶುರುವಾದದ್ದು ಹಣ್ಣು ಕೊಯ್ಯುವ ಹೊತ್ತಿಗೆ ವಿಚಾರಣೆಗೆ ಬಂತು. ಅವತ್ತು ಎಲ್ಲರೂ ಬಂದಿದ್ದರು. ಕಾರ್ಖಾನೆಯ ಸಾಕ್ಷಿಯಾಗಿ ಶಾರ್ಶೆನ್ ಕೂಡ ಬಂದಿದ್ದ. ಸೆಕೆಯಲ್ಲೂ ಮಖಮಲ್ಲಿನ ನಿಲುವಂಗಿ ತೊಟ್ಟು ಕೂತ ಬೀಗನನ್ನು ಕಂಡು ಅವನು ಕಿಟಕಿಯತ್ತ ತಿರುಗಿದ.

ಕಾರ್ಖಾನೆಯ ವಕೀಲ ಗಟ್ಟಿಗ. ನಿಲುವಂಗಿ ಕೊಟ್ಟದ್ದು ನಿಜ, ಅದು ಬಹುಕಾಲ ದುಡಿದ ಕೆಲಸಗಾರನಿಗೆ ಮಾಡಿದ ಸನ್ಮಾನ, ಮಾಲೀಕರ ದೊಡ್ಡ ಗುಣ ಎಂದ. ಸೋನುನ್ ಅಜ್ಜನನ್ನು ಕರೆದಳು. ಅಜ್ಜ ಕುರ್ಚಿಯಿಂದ ಏಳಲೇ ಇಲ್ಲ.

"ಸನ್ಮಾನ ಅಂದ್ರೆ ಕಾರ್ಖಾನೇಲಿ ಮಾಡ್ತಾರೆ, ಚಪ್ಪಾಳೆ ಹೊಡೀತಾರೆ. ಇವರು ತಲೆ ತಗ್ಗಿಸ್ಕೊಂಡು ಮನೆಗೆ ಬಂದ್ರು. ನಮ್ಮ ಕೈಯಿಂದ ತಪ್ಪಾಯ್ತು, ಕ್ಷಮಿಸಿ ಅಂದ್ರು. ಆಮೇಲೇ ನಾನು ಹರಸಿದ್ದು."

"ಅಜ್ಜನವರಿಗೆ ಕಿವಿ ಸರಿಯಾಗಿ ಕೇಳಲ್ಲ, ಮೇಡಂ" ಎಂದ ವಕೀಲ. ಯಾರೋ ನಕ್ಕರು. ಇಷ್ಟು ದೂರ ಬಂದು, ಬೀಗರನ್ನು ಕಳೆದುಕೊಂಡು, ಮುದುಕನ ಕಿವಿಯ ದೆಸೆಯಿಂದ ಎಲ್ಲವೂ ಹೋಯಿತಲ್ಲ ಎಂದು ಜುಮಾದಿಲನಿಗೆ ಅನ್ನಿಸಿತು.

"ಕಿವಿ ಕೇಳಲ್ಲ, ಕಣ್ಣು ಕಾಣತ್ತೆ!" ಎಂದ ಅಜ್ಜ. "ಅವತ್ತು ಈ ಶಾರ್ಶೆನ್ ಎಲ್ಲಿ ಕೂತ, ಕೇಳಿ ಅವನನ್ನ. ಹೆಣ್ಣು ಕೊಟ್ಟವರ ಮನೆಗೆ ಬಂದ ಬೀಗ ಎಲ್ಲಿ ಕೂರ್ತಾನೆ, ಇವನು ಎಲ್ಲಿ ಕೂತ?"

ನ್ಯಾಯಾಧೀಶೆ ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದಳು. ಅವಳೂ ಯಾವುದೋ ಮನೆಯ ಮಗಳು, ಯಾವುದೋ ಮನೆಯ ಸೊಸೆ. ಬಾಗಿಲ ಬಳಿ ಕೂರುವವರು ಎಲ್ಲರಿಗಿಂತ ಕಿರಿಯರು; ಬೀಗರಿಗೆ ಬಾಗಿಲಿನಿಂದ ದೂರ, ಕೋಣೆಯ ಮೇಲ್ತುದಿಯಲ್ಲಿ, ಮಡಿಸಿಟ್ಟ ಹಾಸಿಗೆಗಳ ರಾಶಿಯ ಮುಂದೆ ಜಾಗ. ಅವರು ಬೇಡವೆಂದರೂ ಎಳೆದು ಕೂರಿಸುತ್ತಾರೆ. ಕುರಿಯ ತಲೆ ಅವರ ಮುಂದೆಯೇ ಬರಬೇಕು.

"ಹೇಳಿ" ಎಂದಳು ಶಾರ್ಶೆನ್‌ನತ್ತ ನೋಡಿ. "ನಿಮ್ಮ ಬೀಗರ ಮನೇಲಿ ಅವತ್ತು ಎಲ್ಲಿ ಕೂತಿದ್ರಿ?"

ಶಾರ್ಶೆನ್ ಟೋಪಿಯನ್ನು ಕೈಯಲ್ಲಿ ತಿರುಗಿಸಿದ. ಮಾಲೀಕ ಕೆಮ್ಮಿದ.

"ಬಾಗಿಲ ಹತ್ರ, ಮೇಡಂ."

"ಜಾಗ ಇರಲಿಲ್ವಾ?"

"ಇತ್ತು. ಅವರು ಮೇಲೆ ಕರೆದ್ರು. ನಾನೇ ಹೋಗಲಿಲ್ಲ."

"ಕುರಿ ತಲೆ ಯಾರ ಮುಂದೆ ಇಟ್ರು?"

"ನಾನೇ ಬೀಗರ ಮುಂದೆ ಇಟ್ಟೆ."

"ಯಾಕೆ?"

ಕಾರ್ಖಾನೆಯ ವಕೀಲ ಎದ್ದುನಿಂತ, ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಶಾರ್ಶೆನ್ ಮಾತಾಡಿಬಿಟ್ಟ.

"ಯಾವ ಮುಖ ಇಟ್ಕೊಂಡು ಮೇಲೆ ಕೂರ್ಲಿ ಮೇಡಂ? ಜಾಲರಿ ಬಿಚ್ಚಿಸಿದ್ದು ನಾನು. ಮನೇಲಾಯ್ತು ಅಂತ ಹೇಳಿ ಅಂತ ಬೇಡಿಕೊಂಡಿದ್ದೂ ನಾನು. ಅವರ ಮನೇಲಿ ಮೇವಿನ ಮೆಷಿನ್ನೇ ಇಲ್ಲ. ಊರಿಗೆಲ್ಲಾ ಗೊತ್ತು."

ಸೋನುನ್ ತನ್ನ ಕಾಗದಗಳನ್ನು ಜೋಡಿಸಿ ಎತ್ತಿಟ್ಟಳು. ಕೇಳಲು ಏನಿತ್ತು?

ಕೈ ಹೋದದ್ದು ಕೆಲಸದಲ್ಲೇ ಎಂದು ತೀರ್ಪು ಬಂತು. ಕಾರ್ಖಾನೆ ಜುಮಾದಿಲನಿಗೆ ತಿಂಗಳು ತಿಂಗಳು ಪರಿಹಾರ ಕೊಡಬೇಕು, ಹಿಂದಿನದ್ದನ್ನೂ ಸೇರಿಸಿ. ಶಾರ್ಶೆನ್‌ನನ್ನು ಜೈಲಿಗೇನೂ ಹಾಕಲಿಲ್ಲ. ದಂಡ ಹಾಕಿದರು. ಅದೇ ವಾರ ಮಾಲೀಕ ಅವನನ್ನು ಕೆಲಸದಿಂದ ತೆಗೆದ. ಬುರುಲ್ ವಕೀಲೆಗೆ ಒಂದು ಒಳ್ಳೆಯ ಕಂಬಳಿ ಕೊಟ್ಟುಬಂದಳು. ಸರ್ಕಾರದ ವಕೀಲರು ಏನನ್ನೂ ತೆಗೆದುಕೊಳ್ಳುವ ಹಾಗಿಲ್ಲ ಎಂದು ಸೋನುನ್ ಹೇಳಿದ್ದಕ್ಕೆ, "ನಿಮಗಲ್ಲ ತಾಯಿ, ಈ ಮುರುಕು ಕುರ್ಚಿಗೆ" ಎಂದು ಅದನ್ನು ಕುರ್ಚಿಯ ಮೇಲೆ ಹಾಸಿಯೇ ಬಂದಳು.

ಊರು ಜುಮಾದಿಲನನ್ನು ಗೆದ್ದವನೆಂದಿತು. ಅವನಿಗೆ ಮಾತ್ರ ಗೆದ್ದ ಹಾಗೆ ಅನ್ನಿಸಲಿಲ್ಲ. ಮೊದಲ ಪರಿಹಾರ ಬಂದಾಗ ಒಂದು ಕುರಿ ಕೊಂಡ. ನಿಲುವಂಗಿಯನ್ನು ಬ್ರಷ್ಷಿನಿಂದ ಚೆನ್ನಾಗಿ ಉಜ್ಜಿದ. ಬುರುಲ್ ತಲೆಗೆ ಹೊಸ ಬಿಳಿ ವಸ್ತ್ರ ಕಟ್ಟಿಕೊಂಡು ಜೊತೆಗೆ ಹೊರಟಳು.

ಶಾರ್ಶೆನ್ ಮನೆಯಲ್ಲೇ ಇದ್ದ, ಕುದುರೆಯ ಲಗಾಮು ಹೊಲಿಯುತ್ತಿದ್ದ. ಬಾಗಿಲು ತೆರೆದ ಚೋಲ್ಪನ್ ಅಪ್ಪ ಅಮ್ಮನನ್ನೂ ಕುರಿಯನ್ನೂ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು. ಜುಮಾದಿಲ್ ಒಳಗೆ ಬಂದವನೇ ಬಾಗಿಲ ಬಳಿ ಮಂಡಿಯೂರಿ ಕೂತ.

"ಏನು ಬೀಗರೇ ಇದು? ಮೇಲೆ ಬನ್ನಿ, ಮೇಲೆ ಬನ್ನಿ" ಎಂದ ಶಾರ್ಶೆನ್ ಗಾಬರಿಯಾಗಿ.

"ಇವತ್ತು ನನ್ನ ಜಾಗ ಇದೇ."

"ನಿಮ್ಮದೇನು ತಪ್ಪಿದೆ? ಮಾಡಿದ್ದೆಲ್ಲಾ ನಾನು."

"ಸುಳ್ಳು ಹೇಳಿದ್ದು ನನ್ನ ಬಾಯಿ. ಅವತ್ತೇ ನಿಜ ಹೇಳಿದ್ದಿದ್ರೆ ನೀವು ದಂಡ ಕಟ್ಟಿ, ನಾಲ್ಕು ದಿನ ಬೈಸ್ಕೊಂಡು ಮುಗಿಸ್ತಿದ್ರಿ. ಎರಡು ವರ್ಷ ನಿಮ್ಮನ್ನ ಹಿಂದಿನ ಗಲ್ಲೀಲಿ ಓಡಾಡಿಸಿದೆ. ಈ ಹುಡುಗಿ ಬಾಯಿ ಕಟ್ಟಿಸಿದೆ."

ಅವನು ಎದ್ದು ನಿಲುವಂಗಿಯನ್ನು ಬಿಡಿಸಿ ಬೀಗನ ಹೆಗಲಿಗೆ ಹಾಕಲು ಹೋದ. ಎಡಗೈಯಲ್ಲಿ ಒಂದು ಬದಿ ಎತ್ತಿ ಹೆಗಲಿಗೇರಿಸಿದ. ಇನ್ನೊಂದು ಬದಿಯನ್ನು ಬಲಗೈ ಹಿಡಿಯಲಿಲ್ಲ. ಮಖಮಲ್ಲು ಜಾರಿ ಶಾರ್ಶೆನ್‌ನ ಕಾಲ ಬಳಿ ಬಿತ್ತು. ಮತ್ತೆ ಎತ್ತಿದ, ಮತ್ತೆ ಜಾರಿತು. ನಿಲುವಂಗಿ ಹೊದಿಸಲು ಎರಡು ಕೈ ಬೇಕೆನ್ನುವುದನ್ನು ಅವನು ದಾರಿಯುದ್ದಕ್ಕೂ ಯೋಚಿಸಿಯೇ ಇರಲಿಲ್ಲ.

ಚೋಲ್ಪನ್ ಮುಂದೆ ಬಂದಳು. ಮಾವ ಬೇಡವೆಂದು ಕೈ ತೋರಿಸಿದ. ಇಷ್ಟು ದಿನ ಅವನು ಬೀಗನ ಬಲಗೈಯನ್ನು ನೋಡದೆ ತಪ್ಪಿಸಿಕೊಂಡು ತಿರುಗಿದ್ದ. ಈಗ ಅದನ್ನು ತನ್ನ ಎರಡೂ ಅಂಗೈ ನಡುವೆ ಹಿಡಿದುಕೊಂಡ, ಬೆರಳುಗಳಿದ್ದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದ. ಅವನಿಗೆ ಅಳು ಬಂತು, ಅತ್ತ. ಆಮೇಲೆ ಬಗ್ಗಿ, ಬಿದ್ದಿದ್ದ ನಿಲುವಂಗಿಯ ಒಂದು ತುದಿಯನ್ನು ಬೀಗನ ಎಡಗೈಗೆ ಕೊಟ್ಟು, ಬಲಗೈ ಹಿಡಿಯಬೇಕಾದ ತುದಿಯನ್ನು ತಾನೇ ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನು ಶಾರ್ಶೆನ್‌ನ ಹೆಗಲಿಗೆ ಏರಿಸಿದರು.

"ಮೇಲೆ ಬನ್ನಿ ಇನ್ನಾದ್ರೂ" ಎಂದ ಶಾರ್ಶೆನ್.

"ನೀವು ಹೋದ್ರೆ ಬರ್ತೀನಿ."

ಇಬ್ಬರಲ್ಲಿ ಒಬ್ಬನೂ ಅಲ್ಲಾಡಲಿಲ್ಲ. ಚೋಲ್ಪನ್ ಟೀ ತಂದು ಬಾಗಿಲ ಬಳಿಯೇ ಇಟ್ಟಳು.